ಬೀಗಿತ್ತಿ ಹಾಕಿದ ಹನಿ

ಮಾರ್ಚ್ ೪, ಮಂಗಳವಾರ

ಬಲಗಣ್ಣು ಕೆಂಪಾಗಿದೆ. ನಿನ್ನೆ ರಿಪೇರಿಗೆ ಬಂದ ಒಂದು ಹಳೆಯ ಗೋಡೆ ಗಡಿಯಾರದ ಬೆನ್ನು ಬಿಚ್ಚಿದಾಗ ಒಳಗಿದ್ದ ಧೂಳೆಲ್ಲ ಮುಖಕ್ಕೆ ಹಾರಿತು. ಒಂದು ಕಣ ಕಣ್ಣಿನಲ್ಲೇ ಉಳಿದುಬಿಟ್ಟಿತು. ನೀರು ಹೊಡೆದೆ, ಕರವಸ್ತ್ರದಿಂದ ಒತ್ತಿದೆ, ಹೋಗಲೊಲ್ಲದು. ಆಗ ಕೈ ತಾನಾಗಿಯೇ ಮೇಣದ ಕಡೆ ಹೋಯಿತು. ವಾಚಿನ ಚಕ್ರಗಳ ಸಂದಿಯಲ್ಲಿ ಕೂತ ಧೂಳನ್ನು ಎತ್ತಲು ನಮ್ಮ ಕಸುಬಿನವರ ಮೇಜಿನ ಮೇಲೆ ಒಂದು ಉಂಡೆ ಹಸಿರು ಮೇಣ ಇದ್ದೇ ಇರುತ್ತದೆ. ತುದಿ ಚೂಪು ಮಾಡಿ ಮುಟ್ಟಿಸಿದರೆ ಸಾಕು, ಧೂಳು ಅಂಟಿಕೊಂಡು ಮೇಲೆ ಬರುತ್ತದೆ. ಕನ್ನಡಿ ಮುಂದೆ ನಿಂತು ಅದೇ ಮೇಣವನ್ನು ಅದೇ ರೀತಿ ಚೂಪು ಮಾಡಿ ಕಣ್ಣಿಗೆ ಮುಟ್ಟಿಸಿದೆ. ಕಣ ಬಂತು. ಕಸುಬು ಕಲಿಸಿದ ಅಪ್ಪ ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು ಅಂದುಕೊಂಡೆ.

ಈಗ ಚುಚ್ಚುತ್ತಿದೆ. ನಿದ್ದೆ ಮಾಡಿ ಎದ್ದರೆ ಸರಿಹೋಗುತ್ತದೆ.

ಮಾರ್ಚ್ ೬, ಗುರುವಾರ

ಸರಿಹೋಗಲಿಲ್ಲ. ಬೆಳಿಗ್ಗೆ ರೆಪ್ಪೆಗಳು ಅಂಟು ಹಾಕಿದ ಹಾಗೆ ಕಚ್ಚಿಕೊಂಡಿದ್ದವು. ಫ್ರಿಜ್ಜಿನ ಬಾಗಿಲಲ್ಲಿ ಮಗಳು ಯಾವಾಗಲೋ ಬಿಟ್ಟುಹೋದ ಕಣ್ಣಿನ ಹನಿಯ ಸೀಸೆ ಇತ್ತು. ಅವಳ ಕಣ್ಣೂ ಆಗ ಹೀಗೇ ಕೆಂಪಾಗಿತ್ತಲ್ಲ, ಔಷಧಿ ಔಷಧಿಯೇ ಎಂದು ಎರಡು ಹನಿ ಬಿಟ್ಟುಕೊಂಡೆ. ಸತ್ಯ ಹೇಳಬೇಕೆಂದರೆ ಆರೇಳು ಹನಿ ಬಿಟ್ಟೆ, ಎರಡು ಒಳಗೆ ಹೋದವು. ಸೀಸೆ ಹತ್ತಿರ ಬಂದರೆ ಸಾಕು ಕಣ್ಣು ಮುಚ್ಚಿಕೊಳ್ಳುತ್ತದೆ. ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತುವವಳು ನಾನು, ಒಂದು ಹನಿ ನೀರಿಗೆ ಹೆದರುತ್ತೇನೆ.

ಸಂಜೆಗೆ ಕೆಂಪು ಇಳಿದಿದೆ. ಡಾಕ್ಟರ ಫೀಸು ಉಳಿಯಿತು.

ಮಾರ್ಚ್ ೮, ಶನಿವಾರ

ಓದು ಬರಹ ಬೇಡ ಎಂದು ಡಾಕ್ಟರ ಅಪ್ಪಣೆ. ಇದು ಬರಹವಲ್ಲ, ಗೊಣಗಾಟ. ಎಡಗಣ್ಣಿನಲ್ಲಿ ಗೊಣಗುತ್ತಿದ್ದೇನೆ.

ಬೆಳಿಗ್ಗೆ ಕಿಟಕಿ ತೆರೆದರೆ ಬೆಳಕು ಸೂಜಿಯಂತೆ ಒಳಗೆ ಇಳಿಯಿತು. ಎಡಗಣ್ಣು ಮುಚ್ಚಿ ನೋಡಿದರೆ ಗೋಡೆಯ ಗಡಿಯಾರದ ಅಂಕಿಗಳೇ ಇಲ್ಲ, ಬರೀ ಮಂಜು. ಅಂಗಡಿಯ ಬಾಗಿಲು ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಏನೋ ಹಳದಿ ಬಣ್ಣ ಹಚ್ಚಿ, ನೀಲಿ ದೀಪ ಬಿಟ್ಟು ತುಂಬ ಹೊತ್ತು ನೋಡಿದಳು.

"ಏನು ಹಾಕ್ಕೊಂಡ್ರಿ ಇದಕ್ಕೆ?"

ಸೀಸೆ ತೋರಿಸಿದೆ.

"ಇದು ಯಾರದು?"

"ನನ್ನ ಮಗಳದು."

"ಮಗಳು ನಿಮ್ಮವಳೇ ಇರಬಹುದು, ಕಣ್ಣು ಅವಳದು. ಅವಳಿಗೆ ಆಗಿದ್ದು ಕೆರೆತ. ನಿಮಗೆ ಆಗಿರೋದು ಕರಿಗುಡ್ಡೆ ಮೇಲೆ ಹುಣ್ಣು, ಸೋಂಕು. ಈ ಔಷಧಿ ಮೇಲಿನ ಕೆಂಪು ಇಳಿಸಿ, ಒಳಗಡೆ ಕ್ರಿಮಿಗೆ ಊಟ ಬಡಿಸುತ್ತೆ. ಸರಿ, ಹುಣ್ಣು ಹೇಗಾಯ್ತು?"

ಮೇಣದ ಕಥೆ ಹೇಳಿದೆ. ಅವಳ ಪೆನ್ನು ನಿಂತಿತು.

"ಆ ಮೇಣ ಅದಕ್ಕೆ ಮುಂಚೆ ಏನೇನು ಮುಟ್ಟಿತ್ತು?"

"ಊರವರ ವಾಚನ್ನೆಲ್ಲ," ಎಂದೆ.

ಹುಣ್ಣು ಈಗ ಪಾಪೆಯ ಅಂಚಿನಲ್ಲಿದೆಯಂತೆ. ನಡುವಿಗೆ ಹರಿದರೆ ವಾಸಿಯಾದ ಮೇಲೂ ಬಿಳಿ ಮಚ್ಚೆ ಉಳಿಯುತ್ತದೆ, ನೋಟ ಹೋಗುತ್ತದೆ. ಬಲಗಣ್ಣು ನನ್ನ ಐಗ್ಲಾಸಿನ ಕಣ್ಣು. ಆ ಪುಟ್ಟ ಮಸೂರದ ಕೊಳವೆಯನ್ನು ಬಲ ಹುಬ್ಬಿನ ಕೆಳಗೆ ಸಿಕ್ಕಿಸಿಕೊಂಡೇ ಇಷ್ಟು ವರ್ಷ ಬದುಕಿದ್ದೇನೆ. ಎಡಗಣ್ಣಿಗೆ ಈ ಕೆಲಸ ಬಾರದು. ನನಗೆ ಭಯವಾಗುತ್ತಿದೆ. ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆದಿಡುತ್ತೇನೆ, ತುಂಬ ಭಯವಾಗುತ್ತಿದೆ.

ಎರಡು ಬಗೆಯ ಹನಿ. ಗಂಟೆಗೊಮ್ಮೆ, ಮೊದಲೆರಡು ದಿನ ರಾತ್ರಿಯೂ. ಒಂದನ್ನು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. "ಮನೇಲಿ ಯಾರಿದ್ದಾರೆ ಹಾಕೋಕೆ?" ಎಂದು ಕೇಳಿದಳು. "ಗಡಿಯಾರಗಳು," ಎಂದೆ. ಡಾಕ್ಟರು ನಗಲಿಲ್ಲ. ಯಾರನ್ನಾದರೂ ಕರೆಸಿಕೊಳ್ಳಿ, ಇಲ್ಲವೇ ಇಲ್ಲೇ ದಾಖಲಾಗಿ ಎಂದಳು.

ಮಗಳಿಗೆ ಫೋನ್ ಮಾಡಿದೆ. ಅವಳ ಆಫೀಸಿನಲ್ಲಿ ವರ್ಷದ ಕೊನೆಯ ಲೆಕ್ಕ, ರಜೆ ಇಲ್ಲ. ಅಳುವ ಹಾಗಾದಳು. ಅರ್ಧ ಗಂಟೆಯಲ್ಲಿ ಅವಳೇ ಫೋನ್ ಮಾಡಿ, "ಅಮ್ಮಾ, ಅತ್ತೆ ಹೊರಟಿದ್ದಾರೆ," ಎಂದಳು.

ಅತ್ತ ದರಿ, ಇತ್ತ ಪುಲಿ. ಮಗಳನ್ನು ಕೊಟ್ಟ ಮನೆಯ ಬೀಗರು ಬಂದರೆ ಉಪಚಾರ ಮಾಡಬೇಕಾದವಳು ನಾನು. ಅದೂ ಆ ಬೀಗಿತ್ತಿ! ಮೊದಲ ಸಲ ನಮ್ಮ ಮನೆಗೆ ಬಂದಾಗ ಹತ್ತು ಜನರ ಎದುರು, "ಇಷ್ಟೊಂದು ಗಡಿಯಾರ ಇದೆ, ಒಂದಾದ್ರೂ ಸರಿಯಾದ ಟೈಮ್ ತೋರಿಸುತ್ತಾ?" ಎಂದು ನಕ್ಕಿದ್ದ ಪುಣ್ಯಾತ್ಗಿತ್ತಿ. ರಿಪೇರಿಗೆ ಬಂದವು ಸರಿಯಾದ ಟೈಮ್ ತೋರಿಸಿದರೆ ರಿಪೇರಿಗೆ ಯಾಕೆ ಬರುತ್ತವೆ?

ಮಾರ್ಚ್ ೯, ಭಾನುವಾರ

ಬೀಗಿತ್ತಿ ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದರು. ಅವರು ಕಂಡಕ್ಟರಾಗಿದ್ದವರು, ಬಸ್ಸಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ನಿವೃತ್ತಿ ಆಗಿರುವುದು ಕೆಲಸಕ್ಕೆ ಮಾತ್ರ, ಗಂಟಲಿಗಲ್ಲ.

"ಹಿಂದಕ್ಕೆ ಹೋಗಿ, ಇನ್ನೂ ಹಿಂದಕ್ಕೆ, ಜಾಗ ಇದೆ!" ಎಂದು ನನ್ನ ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿದರು. "ಕಣ್ಣು ಬಿಡಿ. ಹೋಲ್ಡಾನ್... ಹೋಲ್ಡಾನ್..." ಮೊದಲ ಹನಿ ಮೂಗಿನ ಮೇಲೆ ಬಿತ್ತು. ಎರಡನೆಯದು ಕಿವಿಗೆ. ಮೂರನೆಯದು ಒಳಗೆ ಬಿದ್ದಾಗ "ರೈಟ್!" ಎಂದು ಕೂಗಿದ ರಭಸಕ್ಕೆ ಬೆಚ್ಚಿಬಿದ್ದು ಕಣ್ಣು ಮುಚ್ಚಿದೆ, ಅದೂ ಹೊರಗೆ ಹರಿಯಿತು. ಅವರ ಕೈ ನಡುಗುತ್ತದೆ. ಟಿಕೆಟ್ ಹರಿದ ಕೈಗೆ ಸೂಕ್ಷ್ಮ ಕೆಲಸ ಎಲ್ಲಿಂದ ಬರಬೇಕು?

ಉಪಚಾರ ಮಾಡೋಣವೆಂದು ಒಲೆ ಮುಂದೆ ಹೋದರೆ ಗದರಿದರು. "ಹೊಗೆ, ಬಿಸಿ ಕಣ್ಣಿಗೆ ಆಗಲ್ಲ ಬೀಗರೇ. ನಾನೇನು ಬೀಗಿತ್ತಿ ಆಗಿ ಬಂದಿಲ್ಲ, ಡ್ಯೂಟಿ ಮೇಲೆ ಬಂದಿದ್ದೀನಿ." ಉಪ್ಪಿನ ಡಬ್ಬಿಯ ಜಾಗ ಆಗಲೇ ಬದಲಾಗಿದೆ.

ಮಾರ್ಚ್ ೧೧, ಮಂಗಳವಾರ

ಎರಡು ರಾತ್ರಿಯೂ ಬೀಗರು ಮಲಗಲಿಲ್ಲ. ಹಗಲು ಕೂತಲ್ಲೇ ತೂಕಡಿಸುತ್ತಾರೆ, ಗಂಟೆಯಾದರೆ ಯಾರೋ ಬೆಲ್ ಎಳೆದ ಹಾಗೆ ಎದ್ದು ನಿಲ್ಲುತ್ತಾರೆ. ಯಾವ ಗಡಿಯಾರವನ್ನು ನಂಬಬೇಕೆಂದು ನನ್ನನ್ನೇ ಕೇಳಿದರು. ಅಡುಗೆಮನೆಯದನ್ನು ಎಂದು ಹೇಳಿದೆ. ನಕ್ಕರು. ಈ ಸಲ ಅಷ್ಟೇನೂ ಸಿಟ್ಟು ಬರಲಿಲ್ಲ, ನೋವಿನಲ್ಲಿ ಶಕ್ತಿ ಇರಲಿಲ್ಲ.

ಹನಿ ಗಂಟಲಿಗಿಳಿದು ನಾಲಿಗೆ ಕಹಿಯಾಗುತ್ತದೆ. ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಔಷಧಿ ಅಲ್ಲೇ ನಿಲ್ಲುತ್ತದೆ ಎಂದು ಡಾಕ್ಟರು ತೋರಿಸಿಕೊಟ್ಟಿದ್ದಾಳೆ. ಹಾಗೆ ಒತ್ತಿಕೊಂಡು ಎರಡನೆಯ ಹನಿಗೆ ಕಾಯುವ ಐದು ನಿಮಿಷ ಬೀಗರು ಬಸ್ಸಿನ ಕಥೆ ಹೇಳುತ್ತಾರೆ. ಒಬ್ಬ ಮಹಾನುಭಾವ ಹೆಂಡತಿಗೆ ಅರ್ಧ ಟಿಕೆಟ್ ಕೇಳಿದನಂತೆ. ಯಾಕಪ್ಪಾ ಅಂದರೆ, "ಅವಳು ನನ್ನ ಅರ್ಧಾಂಗಿ ಮೇಡಂ." ನಗಬಾರದು, ಕಣ್ಣು ಕುಲುಕುತ್ತದೆ.

ಮಧ್ಯಾಹ್ನದಿಂದ ಒಂದು ಕೋಳಿಯ ಕಥೆ ನಡೆಯುತ್ತಿದೆ. ಯಾರದೋ ಚೀಲದ ಕೋಳಿ, ಪಕ್ಕದವಳ ಮಡಿಲಲ್ಲಿ ಮೊಟ್ಟೆ ಇಟ್ಟಿದೆ. ಮೊಟ್ಟೆ ಯಾರದು? ಬಸ್ಸೆಲ್ಲ ಎರಡು ಪಕ್ಷವಾಗಿದೆ. ಅಷ್ಟರಲ್ಲಿ ಐದು ನಿಮಿಷ ಮುಗಿಯಿತು. ಇನ್ನು ಮುಂದಿನ ಗಂಟೆಗೇ ಕಥೆ. ನನಗೇನೂ ಕುತೂಹಲವಿಲ್ಲ. ಸುಮ್ಮನೆ ಎರಡು ಸಲ ಗಡಿಯಾರ ನೋಡಿದೆ.

ಮಾರ್ಚ್ ೧೩, ಗುರುವಾರ

ಡಾಕ್ಟರಿಗೆ ಸಮಾಧಾನವಾಗಿದೆ! ಹುಣ್ಣಿನ ಅಂಚು ಒಣಗುತ್ತಿದೆಯಂತೆ. ಇನ್ನು ಎರಡು ಗಂಟೆಗೊಮ್ಮೆ ಸಾಕು. ಬೆಳಕು ಮೊದಲಿನಷ್ಟು ಚುಚ್ಚುತ್ತಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೊಟ್ಟೆಯನ್ನು ಡ್ರೈವರಿಗೆ ಕೊಟ್ಟರಂತೆ. ಅನ್ಯಾಯ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಕಂಡಕ್ಟರಮ್ಮ ತರಕಾರಿಗೆ ಹೋದಾಗ ಅಂಗಡಿ ಕೋಣೆಗೆ ಬಂದು ಕೂತೆ. ಸುಮ್ಮನೆ ಕೂರಲೆಂದೇ ಬಂದದ್ದು. ಒಂದು ಕೈಗಡಿಯಾರ ಬೆನ್ನು ಬಿಚ್ಚಿಕೊಂಡು ಮಲಗಿತ್ತು, ನೋಡಿ ಸುಮ್ಮನೆ ಕೂರಲಾಗಲಿಲ್ಲ. ಐಗ್ಲಾಸು ಬಲಗಣ್ಣಿಗೇ ಹೋಯಿತು. ಸ್ವಲ್ಪ ಹೊತ್ತು ಮಾತ್ರ ಎಂದುಕೊಂಡದ್ದು ಅವರು ಬಾಗಿಲು ತಟ್ಟುವವರೆಗೂ ನಡೆಯಿತು.

ಮಾರ್ಚ್ ೧೫, ಶನಿವಾರ

ಮತ್ತೆ ಮಂಜು. ಮತ್ತೆ ನೋವು, ಹುಬ್ಬಿನಿಂದ ಹಲ್ಲಿನವರೆಗೆ.

ಡಾಕ್ಟರು ಕೇಳಿದಾಗ ತಲೆ ತಗ್ಗಿಸಿ ಹೇಳಿಬಿಟ್ಟೆ. ಮೇಣ ಮುಟ್ಟಿದ್ದ ಕೈಯಲ್ಲೇ ಹಿಡಿದಿದ್ದ ಐಗ್ಲಾಸು, ಅದನ್ನು ಹುಣ್ಣಿನ ಕಣ್ಣಿಗೆ ಗಂಟೆಗಟ್ಟಲೆ ಒತ್ತಿದ್ದೇನೆ. ಹುಣ್ಣು ಒಂದಿಷ್ಟು ಒಳಕ್ಕೆ ಸರಿದಿದೆ. ಹುಣ್ಣಿನಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸಿದಳು, ಒಂದು ಔಷಧಿ ಬದಲಾಯಿಸಿದಳು, ಮತ್ತೆ ಗಂಟೆಗೊಮ್ಮೆ. "ಇನ್ನು ನಡುವಿಗೆ ಜಾಗ ಜಾಸ್ತಿ ಉಳಿದಿಲ್ಲ," ಎಂದಳು. ಅಷ್ಟೇ ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಬೈದದ್ದು ಕಂಡಕ್ಟರಮ್ಮ, ರಸ್ತೆಯಲ್ಲೇ. "ಟಿಕೆಟ್ ಇಲ್ಲದೆ ಹತ್ತಿದವರನ್ನ ನಡುರಸ್ತೇಲಿ ಇಳಿಸಿದ್ದೀನಿ ಬೀಗರೇ. ನಿಮ್ಮನ್ನ ಎಲ್ಲಿ ಇಳಿಸಲಿ ಹೇಳಿ? ಆ ಹಾಳು ವಾಚು ಒಂದು ತಿಂಗಳು ನಿಂತ್ರೆ ಪ್ರಪಂಚ ನಿಲ್ಲುತ್ತಾ? ಕಣ್ಣು ನಿಂತ್ರೆ ಯಾವ ಅಂಗಡಿಗೆ ಕೊಂಡೊಯ್ತೀರಿ?"

ಅದಾದ ಮೇಲೆ ಮಾತಿಲ್ಲ. ಹನಿ ಹಾಕುತ್ತಾರೆ, ಐದು ನಿಮಿಷ ಗೋಡೆ ನೋಡುತ್ತಾ ಕೂರುತ್ತಾರೆ, ಮತ್ತೊಂದು ಹಾಕುತ್ತಾರೆ, ಹೋಗುತ್ತಾರೆ. ಹೋಲ್ಡಾನ್ ಇಲ್ಲ, ರೈಟ್ ಇಲ್ಲ. ಐದು ನಿಮಿಷ ಇಷ್ಟು ಉದ್ದ ಎಂದು ಗಡಿಯಾರದವಳಿಗೇ ಗೊತ್ತಿರಲಿಲ್ಲ.

ಮಾರ್ಚ್ ೧೬, ಭಾನುವಾರ

ಮಗಳ ಫೋನು ಬಂತು. ಅವಳ ಅತ್ತೆ ಬಟ್ಟೆ ಒಣಗಿಸಲು ಮೇಲೆ ಹೋಗಿದ್ದರು. ಹನಿ ಅರ್ಧ ಕೆನ್ನೆಗೇ ಹೋಗುತ್ತಿದೆ, ನಿಮ್ಮ ಅತ್ತೆಯ ಕೈ ಸರಿಯಿಲ್ಲ ಎಂದು ದೂರು ಹೇಳಿದೆ.

"ಅಮ್ಮಾ, ಅತ್ತೆನೇ ಹಾಕ್ತಿದ್ದಾರಾ? ಅವರ ಕೈಯಾರೆ?"

"ಮತ್ತಿನ್ಯಾರು?"

"ನಾನು ಯಾರೋ ನರ್ಸ್ ಬರ್ತಾರೆ ಅಂದ್ಕೊಂಡಿದ್ದೆ. ಅತ್ತೆಗೆ ಕಣ್ಣು ಅಂದ್ರೆ ಆಗಲ್ಲಮ್ಮ. ಮಾವನಿಗೆ ಕಣ್ಣಿನ ಆಪರೇಷನ್ ಆದಾಗ ಔಷಧಿ ಹಾಕೋಕೆ ಹೋಗಿ ತಲೆ ಸುತ್ತಿ ಬಿದ್ದಿದ್ರು. ಪಕ್ಕದ ಮನೆಯವರು ಬಂದು ಹಾಕ್ತಿದ್ರು. ಈಗ್ಲೂ ನಾನು ಕಣ್ಣು ಉಜ್ಜಿದ್ರೆ ಎದ್ದು ಆಚೆ ಹೋಗ್ತಾರೆ."

ಫೋನ್ ಇಟ್ಟು ಲೆಕ್ಕ ಹಾಕಿದೆ. ಹಗಲು ರಾತ್ರಿ, ಎಷ್ಟು ಸಲ ಬಾಗಿ ನೋಡಿರಬೇಕು ಈ ಹುಣ್ಣಾದ ಕಣ್ಣನ್ನು! ನಾನೋ, ಟಿಕೆಟ್ ಹರಿದ ಕೈ ಎಂದು ಬರೆದವಳು. ನಾಚಿಕೆಯಾಯಿತು.

ಅವರು ಇಳಿದು ಬಂದಾಗ ಏನೂ ಕೇಳಲಿಲ್ಲ. ಕೇಳಿದರೆ ಒಪ್ಪಿಕೊಳ್ಳುವ ಹೆಂಗಸಲ್ಲ. ಗಂಟೆಯಾದಾಗ ಕೆಳರೆಪ್ಪೆಯನ್ನು ನಾನೇ ಬೆರಳಿನಿಂದ ಎಳೆದು ಹಿಡಿದೆ, ಒಂದು ಪುಟ್ಟ ಜೇಬಿನ ಹಾಗೆ. "ನೀವು ಕಣ್ಣು ನೋಡ್ಬೇಡಿ ಬೀಗರೇ, ಸೀಸೆ ತುದಿ ಮಾತ್ರ ನೋಡಿ. ಕಿರುಬೆರಳನ್ನ ನನ್ನ ಕೆನ್ನೆ ಮೂಳೆ ಮೇಲೆ ಊರಿ. ನಾವು ಚಿಮುಟ ಹಿಡಿಯೋದು ಹಾಗೇ. ಒಂದು ಬೆರಳು ಎಲ್ಲಾದ್ರೂ ನೆಲೆ ನಿಂತ್ರೆ ಕೈ ಅಲ್ಲಾಡಲ್ಲ."

ಕಿರುಬೆರಳು ಕೆನ್ನೆಯ ಮೇಲೆ ಕೂತಿತು. ತಣ್ಣಗಿತ್ತು. ಹನಿ ನೇರವಾಗಿ ಒಳಗೆ ಬಿತ್ತು, ಒಂದು ಚೂರೂ ಹೊರಗಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, ಬಹಳ ಮೆಲ್ಲಗೆ, "ರೈಟ್," ಎಂದರು.

ಮಾರ್ಚ್ ೧೮, ಮಂಗಳವಾರ

ಕಣ್ಣಿನಿಂದ ಕೆರೆದು ತೆಗೆದದ್ದರ ಪರೀಕ್ಷೆಯ ಫಲ ಬಂದಿದೆ. ಯಾವ ಕ್ರಿಮಿ ಎಂದು ಗೊತ್ತಾಗಿದೆಯಂತೆ, ಹೊಸ ಔಷಧಿಗೆ ಅದು ಬಗ್ಗುವ ಜಾತಿಯಂತೆ. ಕಂಡಕ್ಟರಮ್ಮ ಡಾಕ್ಟರನ್ನು, "ಅದು ಹತ್ತಿದ್ದು ಎಲ್ಲಿ, ಇಳಿಯೋದು ಯಾವಾಗ?" ಎಂದು ವಿಚಾರಿಸಿದಳು. ಡಾಕ್ಟರು ಮೊದಲ ಸಲ ನಕ್ಕಳು.

ಹಸಿರು ಮೇಣದ ಉಂಡೆಯನ್ನು ಕಸಕ್ಕೆ ಹಾಕಿದೆವು. ಐಗ್ಲಾಸನ್ನು ಕಂಡಕ್ಟರಮ್ಮ ಸೋಪು ಹಾಕಿ ತೊಳೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೀಲಿ ಅವಳ ಸೊಂಟದಲ್ಲಿದೆ. ಬೀಗಿತ್ತಿ ಎಂಬ ಹೆಸರಿಗೆ ತಕ್ಕ ಕೆಲಸ.

ಮಾರ್ಚ್ ೨೨, ಶನಿವಾರ

ಎಡಗಣ್ಣು ಮುಚ್ಚಿ ಗೋಡೆ ನೋಡಿದೆ. ಗಡಿಯಾರದಲ್ಲಿ ಒಂಬತ್ತು ಕಂಡಿತು! ಹನ್ನೆರಡೂ ಕಂಡಿತು. ಮುಳ್ಳು ಸರಿಯಾಗಿ ಕಾಣಲಿಲ್ಲ, ಕಂಡರೂ ಆ ಗಡಿಯಾರ ನಿಂತೇ ಇದೆ. ಕೂಗಿದೆ. ಅವಳು ಸೌಟು ಹಿಡಿದುಕೊಂಡೇ ಓಡಿಬಂದಳು. ನನ್ನ ಮುಂದೆ ಬೆರಳುಗಳನ್ನು ಹಿಡಿದು, "ಎಷ್ಟು?" ಎಂದಳು. ಮೂರು ಎಂದೆ. ಮೂರೇ ಆಗಿತ್ತು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಒಲೆಯ ಮೇಲಿದ್ದದ್ದು ಸೀದು ಹೋಯಿತು, ಬ್ರೆಡ್ಡು ತಿಂದು ಮಲಗಿದೆವು.

ಮಾರ್ಚ್ ೨೭, ಗುರುವಾರ

ದಿನಕ್ಕೆ ಆರು ಸಲ ಸಾಕು ಎಂದಿದ್ದಾರೆ. ಕಥೆಯೂ ಆರು ಸಲಕ್ಕೆ ಇಳಿದಿದೆ. ನಡುವೆ ಕಥೆ ಹೇಳಬಾರದೆಂದೇನೂ ಡಾಕ್ಟರು ಬರೆದುಕೊಟ್ಟಿಲ್ಲ, ಆದರೂ ಇವಳದು ರೂಟು ಅಂದರೆ ರೂಟು. ನಿಲ್ದಾಣ ಬಿಟ್ಟು ಬೇರೆಲ್ಲೂ ನಿಲ್ಲಿಸುವುದಿಲ್ಲ.

ಇವಳ ತೀರಿಹೋದ ಗಂಡ ಡ್ರೈವರಾಗಿದ್ದರಂತೆ. ಒಂದೇ ಬಸ್ಸು, ಆತ ಮುಂದೆ, ಇವಳು ಹಿಂದೆ. ದಿನವಿಡೀ ಜೊತೆಗಿದ್ದರೂ ಮಾತಾಡಲು ಆಗುತ್ತಿರಲಿಲ್ಲವಂತೆ, ಬರೀ ಹೋಲ್ಡಾನ್ ಮತ್ತು ರೈಟ್. "ಈಗ ಮನೇಲಿ ಮಗ ಸೊಸೆ ಬೆಳಿಗ್ಗೆ ಹೋದ್ರೆ ಸಂಜೆಗೆ ಬರೋದು. ಗಂಟಲು ತುಕ್ಕು ಹಿಡೀತಿತ್ತು," ಎಂದಳು. ಅಷ್ಟರಲ್ಲಿ ಐದು ನಿಮಿಷ ಆಗಿತ್ತು. ಗಡಿಯಾರ ನೋಡಿದ್ದು ನಾನು, ಹೇಳಲಿಲ್ಲ. ಎರಡನೆಯ ಹನಿ ಸ್ವಲ್ಪ ತಡವಾಯಿತು.

ಏಪ್ರಿಲ್ ೩, ಗುರುವಾರ

ನಾಳೆ ಡಾಕ್ಟರು ಕೊನೆಯ ಸಲ ನೋಡುತ್ತಾಳೆ. ಮಚ್ಚೆ ಎಲ್ಲಿ ಕೂತಿದೆ ಎಂದು ನಾಳೆ ಗೊತ್ತಾಗುತ್ತದೆ. ಮಂಜು ಪೂರ್ತಿ ಹೋಗಿದೆ ಎನ್ನಿಸುತ್ತದೆ, ಆದರೆ ಐಗ್ಲಾಸಿನ ನೋಟವೇ ಬೇರೆ. ಅಲ್ಲಿ ಕೂದಲೆಳೆಯಷ್ಟು ಮಬ್ಬು ಇದ್ದರೂ ನಾನು ಬರೀ ಸೆಲ್ಲು ಹಾಕಿಕೊಡುವವಳಾಗುತ್ತೇನೆ. ಹಾಗಾದರೂ ಬದುಕಬಹುದು ಎಂದು ಕಂಡಕ್ಟರಮ್ಮನಿಗೆ ಹೇಳಿದೆ. "ಬದುಕಬಹುದು," ಎಂದಳು, "ಆದ್ರೆ ನಿಮ್ಮ ಜೊತೆ ಇರೋರು ಬದುಕೋಕಾಗಲ್ಲ." ಬೀರುವಿನ ಕೀಲಿ ತೆಗೆದು ಐಗ್ಲಾಸನ್ನು ನನ್ನ ಚೀಲಕ್ಕೆ ಹಾಕಿದಳು. ಡಾಕ್ಟರ ಎದುರೇ ಹಾಕಿ ನೋಡಬೇಕಂತೆ.

ಏಪ್ರಿಲ್ ೪, ಶುಕ್ರವಾರ

ಮಚ್ಚೆ ಪಕ್ಕದಲ್ಲಿದೆ! ಪಾಪೆಯ ಹೊರಗೆ, ಎಳ್ಳಿನ ಅರ್ಧದಷ್ಟು. ನೋಟಕ್ಕೆ ಅಡ್ಡವಿಲ್ಲ.

ಡಾಕ್ಟರ ಬೋರ್ಡಿನ ಕೊನೆಯ ಸಾಲನ್ನೂ ಓದಿದೆ. ಆಮೇಲೆ ಐಗ್ಲಾಸು ಸಿಕ್ಕಿಸಿಕೊಂಡು ಡಾಕ್ಟರ ಕೈಯಲ್ಲಿದ್ದ ವಾಚನ್ನೇ ನೋಡಿದೆ. ಗಾಜಿನ ಒಳಗಡೆ, ಆರರ ಅಂಕಿಯ ಪಕ್ಕ, ಒಂದು ಎಳೆ ನೂಲು ಕಂಡಿತು. ಚಕ್ರಕ್ಕೆ ಸಿಕ್ಕುವ ಮೊದಲು ತೆಗೆಸಿ ಎಂದು ಹೇಳಿದೆ. ಅವಳು ವಾಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಅವಳಿಗೆ ಕಾಣಲಿಲ್ಲ. ನನಗೆ ಕಂಡಿತ್ತು. ಅಲ್ಲೇ ಅತ್ತುಬಿಟ್ಟೆ. ಅಳಿ, ಕಣ್ಣಿಗೆ ಒಳ್ಳೆಯದೇ ಎಂದಳು ಡಾಕ್ಟರು.

ಔಷಧಿ ಎಲ್ಲ ನಿಲ್ಲಿಸಿಬಿಡಿ ಎಂದಳು. ಒಂದು ಹೊಸ ಸೀಸೆ ಕೊಟ್ಟಳು, ಕಣ್ಣೀರಿನಂಥದ್ದೇ ಹನಿ, ಕಣ್ಣು ಒಣಗಿದಂತಾದರೆ ಮಾತ್ರ. "ಇದನ್ನ ನೀವೇ ಹಾಕ್ಕೋಬಹುದು. ಹಾಕದೇ ಇದ್ರೂ ನಡೆಯುತ್ತೆ."

ಕಂಡಕ್ಟರಮ್ಮ ಒಳಗೆ ಬಂದಿರಲಿಲ್ಲ. ಪರೀಕ್ಷೆಯ ದೀಪ ಕಂಡರೆ ಆಗುವುದಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತಾಳೆ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ನಾಳೆ ಬೆಳಗಿನ ಬಸ್ಸಿನ ಟಿಕೆಟ್ಟು. ನಾನು ಒಳಗಿದ್ದಾಗ ಎದುರಿನ ಬಸ್ಸಿನ ಕೌಂಟರಿಗೆ ಹೋಗಿ ತಂದಿದ್ದಳು.

"ಏನಂದ್ರು?"

"ಪಕ್ಕದಲ್ಲಿದೆಯಂತೆ. ನೋಟ ಪೂರ್ತಿ ಬಂದಿದೆ."

ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡಳು. ಕಣ್ಣನ್ನೇ ನೋಡಿದಳು, ನೇರವಾಗಿ, ತುಂಬ ಹೊತ್ತು. ಮೆಟ್ಟಿಲು ಹತ್ತಿ ಬರುವವರು ಸುತ್ತು ಹಾಕಿ ಹೋದರು. ಆಮೇಲೆ ಮೂಗು ಒರೆಸಿಕೊಂಡು, "ಹಾಗಾದ್ರೆ ಔಷಧಿ ಮುಗೀತು," ಎಂದಳು.

"ಎಲ್ಲಿ ಮುಗೀತು?" ಎಂದೆ. "ಹೊಸ ಸೀಸೆ ಕೊಟ್ಟಿದ್ದಾರೆ. ದಿನಕ್ಕೆ ನಾಲ್ಕು ಸಲ. ಬೇರೆಯವರೇ ಹಾಕ್ಬೇಕಂತೆ."

"ಎಷ್ಟು ದಿನ?"

"ಸೀಸೆ ಖಾಲಿಯಾಗೋವರೆಗೆ."

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಶನಿವಾರದ ಬಸ್ಸು ತುಂಬಿ ತುಳುಕುತ್ತದೆ, ಆ ವಯಸ್ಸಿನವಳು ನಿಂತುಕೊಂಡು ಹೋಗಬೇಕು, ಬಹುಶಃ ಅದಕ್ಕೇ ಇರಬೇಕು.

ಅವಳು ಸೀಸೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಡಾಕ್ಟರು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದು ನನಗೆ ಆಗ ಕಂಡಿತು. ಈಗ ಕಣ್ಣು ಚೆನ್ನಾಗಿ ಕಾಣುತ್ತದಲ್ಲ. "ಕಣ್ಣು ಒಣಗಿದರೆ ಮಾತ್ರ, ಒಂದು ಹನಿ." ಅವಳೂ ಓದಿದಳು. ಇಷ್ಟು ವರ್ಷ ಟಿಕೆಟ್ಟಿನ ಸಣ್ಣ ಅಕ್ಷರ ಓದಿದವಳು, ಇದನ್ನು ಓದಲಾರಳೇ?

ನಾನು ರಸ್ತೆಯ ಕಡೆ ನೋಡುತ್ತಾ ನಿಂತೆ.

"ದೊಡ್ಡ ಸೀಸೆನೇ ಕೊಟ್ಟಿದ್ದಾರೆ," ಎಂದಳು. ಎದ್ದು ಕೌಂಟರಿಗೆ ಹೋಗಿ ಟಿಕೆಟ್ಟು ವಾಪಸು ಕೊಟ್ಟು ಬಂದಳು.

ಮನೆಗೆ ಬಂದು ಕೈ ತೊಳೆದುಕೊಂಡು, "ಕೂತ್ಕೊಳ್ಳಿ, ಹಾಕೋ ಹೊತ್ತಾಯ್ತು," ಎಂದಳು. ಹೋಗಿ ಕೂತೆ.